ಯೋಸೇಫನಿಲ್ಲದ ಗೋದಲಿ

ನಾನು ವಿಸ್ಕಾನ್ಸಿನ್‌ನ ಈ ಊರಿಗೆ ಮೇಷ್ಟ್ರಾಗಿ ಬಂದ ವರ್ಷ, ಡಿಸೆಂಬರ್‌ನ ಮೊದಲ ಶನಿವಾರ ಮಧ್ಯಾಹ್ನ, ಬಾಡಿಗೆ ಕೋಣೆ ಕೇಳಲು ಹಾಲ್ವರ್ಸನ್ ಮನೆಗೆ ಹೋದೆ. ನೆಂಟರ ಜೊತೆ ಕೂತಿದ್ದ ಮನೆಯೊಡೆಯ ಓರಿನ್ ನನ್ನನ್ನು ನೆಲಮಾಳಿಗೆಗೆ, ಹೆಂಡತಿ ವೆಲ್ಮಾರ ಹತ್ತಿರ ಕಳಿಸಿದ. ಅವರ ಮೊಣಕೈವರೆಗೂ ನೀಲಿ ಬಣ್ಣ ಮೆತ್ತಿತ್ತು. ಬಟ್ಟೆ ಒಣಗಿಸುವ ಹಗ್ಗದಲ್ಲಿ ನೂರಿಪ್ಪತ್ತು ಕ್ರಿಸ್‌ಮಸ್ ಕಾರ್ಡುಗಳು ಕ್ಲಿಪ್ಪಿನಿಂದ ನೇತಾಡುತ್ತಿದ್ದವು. ಒಂದೊಂದು ಬಣ್ಣಕ್ಕೂ ರೇಷ್ಮೆ ಬಿಗಿದ ಒಂದೊಂದು ಚೌಕಟ್ಟು; ಅದರ ಮೂಲಕ ಬಣ್ಣ ಒತ್ತಿದರೆ ಕಾರ್ಡಿನ ಮೇಲೆ ಚಿತ್ರ ಇಳಿಯುತ್ತಿತ್ತು. ಮರಿಯಳ ನೀಲಿ, ಗೋದಲಿಯ ಹುಲ್ಲಿನ ಹಳದಿ ಒತ್ತಿಯಾಗಿತ್ತು. ಮರಿಯಳ ಗಂಡ ಯೋಸೇಫನ ಕಂದು ಮಾತ್ರ ಬಾಕಿಯಿತ್ತು.

ಮೇಲಿನಿಂದ ಓರಿನ್ ದನಿ ಕೇಳಿಸಿತು: "ಹನ್ನೊಂದು ವರ್ಷದಿಂದ ಎಲ್ಲಾ ನಂದೇ ಕೈಕೆಲಸ. ವೆಲ್ಮಾ ಅಂಚೆಚೀಟಿ ಅಂಟಿಸ್ತಾಳೆ, ಪಾಪ."

ಚಿತ್ರ ಬರೆದು, ಅಚ್ಚು ಕೊರೆದು, ಒತ್ತಿದವರು ವೆಲ್ಮಾ. ನಮ್ಮ ಹಳ್ಳಿಯಲ್ಲೂ ಅಮ್ಮ ಕಡೆದ ಬೆಣ್ಣೆಯನ್ನು ಅಪ್ಪನ ಬೆಣ್ಣೆ ಎನ್ನುತ್ತಿದ್ದರು. ನನಗೂ ಮೈ ಉರಿಯಿತು. ವೆಲ್ಮಾ ಕಂದಿನ ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

"ಕೆಲಸ ಮುಗೀತು ಮೇಷ್ಟ್ರೇ. ಆ ಕ್ಲಿಪ್ಪೆಲ್ಲ ತೆಗೀರಿ."

ಕಾರ್ಡುಗಳು ಹಾಗೆಯೇ ಅಂಚೆಗೆ ಹೋದವು. ನಾನು ಆ ಮನೆಯ ಕೋಣೆ ಸೇರಿದ ವಾರದೊಳಗೆ ಪಾದ್ರಿಯ ಫೋನು ಬಂತು. ಓರಿನ್ ಕಿರುಚಿದ: "ಯೋಸೇಫ ಎಲ್ಲೇ? ಊರೆಲ್ಲ ನಗ್ತಿದೆ!"

"ನನ್ನೇನು ಕೇಳ್ತೀರಿ? ಎಲ್ಲಾ ನಿಮ್ಮದೇ ಕೈಕೆಲಸ ಅಲ್ವಾ? ಮೇಲೆ ಜಂಬ ಕೊಚ್ಕೊಂಡು ಕೂತಿರ್ಬೇಕು, ಹೋಗಿ ನೋಡಿ."

ಮರುವರ್ಷದ ಕಾರ್ಡಿಗೆ ಯೋಸೇಫ ಮರಳಿ ಬಂದ. ಚಿತ್ರದ ಕೆಳಗೆ ವೆಲ್ಮಾರ ಹೆಸರಿತ್ತು. ಅಂಚೆಚೀಟಿ ಅಂಟಿಸಿದವನು ಓರಿನ್. ವೆಲ್ಮಾರ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ವೆಲ್ಮಾ ಈಗ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ರೇಷ್ಮೆ ಚೌಕಟ್ಟಿನ ಅಚ್ಚು ಕಲಿಸುತ್ತಾರೆ.