ಹೆಂಚು ಕಾಣೆಯಾಗುವ ಹೊತ್ತು

ಹೋದ ತಿಂಗಳು ನಮ್ಮ ಮನೆಗೆ ಮೈಕ್ರೋವೇವ್ ಒಲೆ ಬಂತು. ಭಾವಮೈದುನ ಕೊಟ್ಟ ಉಡುಗೊರೆ, ಬೇಡ ಅನ್ನುವ ಹಾಗಿರಲಿಲ್ಲ. ಹಾಲಿನ ಲೋಟ ಒಳಗಿಟ್ಟು ನನ್ನ ಹೆಂಡತಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. "ಮುಖ ತೆಗಿಯೇ ಅಲ್ಲಿಂದ" ಎಂದು ನಾನು ಕಿರುಚಿದ ರಭಸಕ್ಕೆ ಅವಳ ಕೈಯಲ್ಲಿದ್ದ ಸಕ್ಕರೆ ಡಬ್ಬಿ ಕೆಳಗೆ ಬಿತ್ತು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಆ ಗಾಜಿನ ಹಿಂದಿರುವ ಜಾಲರಿ ಒಳಗಿನದನ್ನು ಹೊರಗೆ ಬಿಡುವುದಿಲ್ಲ ಎಂಬುದು ಬೇರೆ ಯಾರಿಗಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಸಕ್ಕರೆ ಗುಡಿಸುತ್ತಾ ಅವಳು, "ಏನು ಬಂತು ನಿಮಗೆ ಇದ್ದಕ್ಕಿದ್ದ ಹಾಗೆ?" ಎಂದಳು.

ಬಂದದ್ದು ಹೆಂಚು ಸುಡುವ ಒಂದು ಗೂಡಿನ ನೆನಪು. ಹೇಳಿಕೊಳ್ಳುವಂಥದ್ದೇನಲ್ಲ. ಆದರೂ ಅವಳಿಗೆ ಹೇಳಿದ ಮೇಲೆ ನಿಮಗೆ ಮುಚ್ಚಿಟ್ಟು ಏನು ಮಾಡಲಿ?

ತೊಂಬತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರದ ಕಾಲೇಜೊಂದರಲ್ಲಿ ನಾನು ಬಿ.ಎಸ್ಸಿ.ಯವರಿಗೆ ಪಾಠ ಮಾಡುತ್ತಿದ್ದೆ. ಬೆಳಕು ಕೂಡ ಒಂದು ಅನಿಲದ ಹಾಗೆ ನಡೆದುಕೊಳ್ಳುತ್ತದೆ ಎಂಬ ಅಧ್ಯಾಯ ನನಗೆ ಬಲು ಪ್ರೀತಿ. ಕಾದ ಪೆಟ್ಟಿಗೆಯೊಂದನ್ನು ಮುಚ್ಚಿಟ್ಟರೆ ಬೆಳಕಿನ ಕಣಗಳು ಅದರ ಮೂಲೆಮೂಲೆ ತುಂಬಿಕೊಂಡು, ಗಾಳಿ ತುಂಬಿದ ಬಲೂನಿನಲ್ಲಿ ಆಗುವ ಹಾಗೆ ಗೋಡೆಗಳನ್ನು ಒತ್ತುತ್ತವೆ. "ರಾಮನಾಥಪುರದ ಬಸ್ಸು ನೆನೆಸ್ಕೊಳ್ಳಿ" ಅನ್ನುತ್ತಿದ್ದೆ. "ಜನ ಕಿಕ್ಕಿರಿದಿದ್ದಾರೆ. ಆದರೆ ಒಬ್ಬರ ಮೈ ಇನ್ನೊಬ್ಬರಿಗೆ ತಾಗೋದಿಲ್ಲ, ಎಲ್ಲರೂ ಬಸ್ಸಿನ ತಗಡಿಗೇ ಹೋಗಿ ಗುದ್ದುತ್ತಾರೆ. ಎಷ್ಟು ಜನ ಇದ್ದಾರೆ ಅಂತ ಕಂಡಕ್ಟರಿಗೂ ಗೊತ್ತಿಲ್ಲ. ತಗಡೇ ಒಬ್ಬೊಬ್ಬರನ್ನ ನುಂಗುತ್ತೆ, ತಗಡೇ ಉಗುಳುತ್ತೆ." ಹುಡುಗರು ನಗುತ್ತಿದ್ದರು. ನಕ್ಕರೆ ಅರ್ಥವಾಯಿತು ಎಂದು ನಂಬುವ ಜಾತಿಯ ಮೇಷ್ಟ್ರು ನಾನು.

ಆ ವರ್ಷ ತರಗತಿ ಮುಗಿದ ಮೇಲೆ ಮಂಜುಳ ಎಂಬ ಹುಡುಗಿ ಬಂದು ನಿಂತಳು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಬಾಯಿ ಬಿಡುತ್ತಿದ್ದುದು ಕಡಿಮೆ. ಅವಳ ತಂದೆ ನಿಂಗಯ್ಯ, ಅರಕಲಗೂಡು ರಸ್ತೆಯಲ್ಲಿದ್ದ ಹೆಂಚಿನ ಕಾರ್ಖಾನೆಯಲ್ಲಿ ಗೂಡಿನ ಮೇಸ್ತ್ರಿ.

"ಸಾ, ನಮ್ಮಪ್ಪನ ಗೂಡಲ್ಲೂ ಇಂಗೇಯ. ಕಾವು ಸರಿಯಾಗಿ ಬಂದ್ರೆ ಹೆಂಚು ಕಾಣಾಕಿಲ್ಲ. ಕಾಣೆಯಾದ ಮ್ಯಾಲೆ ಸೌದೆ ನಿಲ್ಸ್ತಾರೆ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಪುಸ್ತಕದಲ್ಲಿರುವುದೂ ಅದೇ. ಗೂಡಿನ ಗೋಡೆ, ಹೆಂಚು ಎಲ್ಲ ಒಂದೇ ಕಾವಿಗೆ ಬಂದರೆ ಎಲ್ಲದರಿಂದಲೂ ಒಂದೇ ಬೆಳಕು ಬರುತ್ತದೆ. ಆಗ ಗೋಡೆ ಯಾವುದು ಹೆಂಚು ಯಾವುದು ಗುರುತಾಗದು, ಒಳಗೆ ಇಣುಕುವ ಕಿಂಡಿಯಲ್ಲಿ ಬರೀ ಬೆಳಕು. ಶಾಲೆಯ ಮೆಟ್ಟಿಲು ಹತ್ತದ ನಿಂಗಯ್ಯ ಅದನ್ನು ದಿನಾ ನೋಡುತ್ತಿದ್ದ. ನಾನು ಬರೆಸುತ್ತಿದ್ದೆನೇ ಹೊರತು ನೋಡಿರಲಿಲ್ಲ.

ಮುಂದಿನ ವಾರವೇ ಇಪ್ಪತ್ತು ಹುಡುಗರನ್ನು ಬಸ್ಸು ಹತ್ತಿಸಿದೆ. ಮಧ್ಯಾಹ್ನದ ಬಿಸಿಲು, ಅದರ ಜೊತೆಗೆ ಗೂಡಿನ ಝಳ. ನಿಂಬೆಹಣ್ಣಿನಷ್ಟಗಲದ ಕಿಂಡಿಯ ಮುಂದೆ ನಿಂಗಯ್ಯ ಎಡಗಣ್ಣಿಗೆ ಅಂಗೈ ಮುಚ್ಚಿ, ಬಲಗಣ್ಣಿನಿಂದ ನೋಡುತ್ತಿದ್ದ. ಯಾಕೆ ಒಂದೇ ಕಣ್ಣು ಎಂದು ಕೇಳಿದೆ. "ಇನ್ನೊಂದು ಮನೇಗೆ ಬೇಕಲ್ಲ ಸಾ" ಅಂದ. ಆ ಕಸುಬಿನವರು ಹಾಗೆ ಒಂದು ಕಣ್ಣನ್ನು ಗೂಡಿಗೆ ಬಿಟ್ಟುಬಿಡುತ್ತಿದ್ದರಂತೆ. ಅವನು ನೋಡಿದ ಮೇಲೆ ಮಂಜುಳ ಬಗ್ಗಿ ನೋಡಿ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅಪ್ಪ ಮಗಳಿಗೆ ಕಲಿಸುತ್ತಿದ್ದಾನೆ ಎಂದುಕೊಂಡೆ.

"ಮಂಜುಳ, ಇಲ್ಲಿ ಬಾಮ್ಮ. ನಿನ್ನ ಕ್ಲಾಸಿನೋರಿಗೆ ನೀನೇ ವಿವರಿಸು."

"ನಾನು ಅಪ್ಪನ ತಾವೇ ಇರ್ತೀನಿ ಸಾ."

"ನಿಮ್ಮಪ್ಪ ಎಲ್ಲೂ ಓಡಿಹೋಗಲ್ಲ, ಬಾ" ಎಂದು ರೇಗಿಸಿದೆ. ಹುಡುಗರು ನಕ್ಕರು. ಅವಳು ಬಂದು ನಮ್ಮ ನಡುವೆ ನಿಂತು ಒಂದೆರಡು ಮಾತು ಹೇಳಿದಳು, ಕಣ್ಣೆಲ್ಲ ಗೂಡಿನ ಕಡೆಗೇ. ಅಷ್ಟರಲ್ಲಿ ನಿಂಗಯ್ಯ, "ಆಯ್ತು, ಕಾಣಾಕಿಲ್ಲ. ಸೌದೆ ನಿಲ್ಸ್ರಪ್ಪಾ" ಎಂದ.

ನಾನು ಹೋಗಿ ಕಿಂಡಿಯಲ್ಲಿ ಇಣುಕಿದೆ. ಒಳಗೆ ಕೆಂಪು ಬೆಳಕು, ಅದರಲ್ಲಿ ಹೆಂಚುಗಳು ಸಾಲುಸಾಲಾಗಿ, ಅಂಚು ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದವು. "ಇಲ್ವಲ್ಲ ನಿಂಗಯ್ಯ, ಒಂದೊಂದು ಹೆಂಚನ್ನೂ ಎಣಿಸಬಹುದು" ಎಂದೆ. ಗಟ್ಟಿಯಾಗಿ ಎಂದೆ, ತರಗತಿಯಲ್ಲಿ ತಪ್ಪು ತಿದ್ದುವಾಗಿನ ಅದೇ ಉಮೇದಿನಲ್ಲಿ. ನಮ್ಮನ್ನು ಬರಮಾಡಿಕೊಂಡು ಪಕ್ಕದಲ್ಲೇ ನಿಂತಿದ್ದ ಕಾರ್ಖಾನೆಯ ಸಾಹುಕಾರರು ತಾವೂ ಬಂದು ನೋಡಿದರು.

"ಹೋದ ಸಲದ ಹೆಂಚು ಹಸಿ ಉಳ್ಕೊಂಡಿದ್ದೂ ಇದಕ್ಕೇನಾ ನಿಂಗಯ್ಯ?"

ನಿಂಗಯ್ಯ ಮಗಳು ಎಲ್ಲಿದ್ದಾಳೆ ಎಂದು ತಿರುಗಿದ, ಅವಳು ನಿಂತಿದ್ದ ಜಾಗಕ್ಕಿಂತ ಒಂದು ಮಾರು ಈಚೆಗೆ ನೋಡಿದ. ಆಗ ನನಗೆ ತಿಳಿಯಿತು. ಮನೆಗೆಂದು ಉಳಿಸಿಕೊಂಡ ಕಣ್ಣೂ ಸೇರಿ ಅವನ ಎರಡೂ ಕಣ್ಣಿಗೆ ಪೊರೆ ಕಟ್ಟಿತ್ತು. ಗೂಡು ಹದಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಹೆಂಚುಗಳು ಅವನಿಗೆ ಕಾಣೆಯಾಗಿಬಿಡುತ್ತಿದ್ದವು. ಮಗಳ ಕಣ್ಣಿನಿಂದ ಅವನು ಕೆಲಸ ಉಳಿಸಿಕೊಂಡಿದ್ದ, ಆ ಕಣ್ಣನ್ನು ನಾನು ಪಾಠಕ್ಕೆ ಕರೆದುಕೊಂಡಿದ್ದೆ.

ಸಾಹುಕಾರರು ಕೆಟ್ಟವರೇನಲ್ಲ. ನಿಂಗಯ್ಯನನ್ನು ಸೌದೆ ಜೋಡಿಸಲು ಹಾಕಿದರು. ಅವನು ಎರಡು ಸಲ ಎಡವಿ ಬಿದ್ದು ಮನೆಯಲ್ಲೇ ಕೂತ. ಆಪರೇಷನ್ ಎಂದರೆ ಹೆದರಿ ದೂರ ಓಡುತ್ತಿದ್ದನಂತೆ. ಮಂಜುಳ ಲೈಬ್ರರಿ ಪುಸ್ತಕ ಹಿಂದಿರುಗಿಸಲು ಬಂದವಳು ನನ್ನ ಕೋಣೆಗೂ ಬಂದಳು.

"ಅಪ್ಪನ ಜಾಗಕ್ಕೆ ನಾನು ನಿಂತ್ಕತೀನಿ ಸಾ. ಸಾಹುಕಾರ್ರು ಒಪ್ಪವ್ರೆ. ನಂಗೆ ಕಾಣ್ತದಲ್ಲ."

"ಪರೀಕ್ಷೆಗೆ ಮಾತ್ರ ಕಟ್ಟಮ್ಮ, ಹಾಜರಿ ನಾನು ನೋಡ್ಕೋತೀನಿ" ಅಂದೆ. ಅದೇ ದೊಡ್ಡ ಉಪಕಾರ ಎಂದುಕೊಂಡೆ. ಅವಳು ಇನ್ನೂ ನಿಂತಿದ್ದಳು. ನಾನು ಉತ್ತರಪತ್ರಿಕೆಯ ಕಟ್ಟು ಬಿಚ್ಚಿದೆ. ಆ ಕಿಂಡಿಯಿಂದ ಬರುವುದರಲ್ಲಿ ಕಾಣುವ ಬೆಳಕು ಸ್ವಲ್ಪ, ಕಾಣದ ಬಿಸಿಯ ಬೆಳಕೇ ಬಹಳ, ಕಣ್ಣನ್ನು ಬೇಯಿಸುವುದು ಅದೇ. ಕಪ್ಪು ಗಾಜು ಅಡ್ಡ ಹಿಡಿಯದೆ ನೋಡಬೇಡ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾದೀತು. ಅವಳ ಮುಖ ನೋಡಲು ನಾಚಿಕೆಯಾಗಿತ್ತು, ಬೇಗ ಹೋದರೆ ಸಾಕಾಗಿತ್ತು ನನಗೆ.

ಆಮೇಲೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು, ಅಲ್ಲಿಂದ ಹಾಸನಕ್ಕೆ. ಪ್ರತಿ ವರ್ಷ ಅದೇ ಅಧ್ಯಾಯ ಬರುತ್ತಿತ್ತು. ಬಸ್ಸಿನ ಉಪಮೆಯ ಜೊತೆಗೆ ನಿಂಗಯ್ಯನ ಗೂಡೂ ಸೇರಿಕೊಂಡಿತು. ಹೆಂಚು ಕಾಣೆಯಾಗುವ ತನಕ ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಹುಡುಗರಿಗೆ ಬಹಳ ಇಷ್ಟವಾಗುತ್ತಿತ್ತು. ಎಂಥ ಬಾಳು ನೋಡಿ ನನ್ನದು.

ಪೂರ್ತಿ ಹೇಳಿದ್ದು ಆವತ್ತು, ಚೆಲ್ಲಿದ ಸಕ್ಕರೆಯ ಮುಂದೆ. ಹೆಂಡತಿ ಕೇಳಿಸಿಕೊಂಡು, "ಹೇಳಬೇಕಾದೋಳಿಗೆ ಹೇಳದೆ ನನ್ನ ಮೇಲೆ ಕಿರುಚಿದ್ರಾ?" ಎಂದಳು. ಸಿಟ್ಟಿನಿಂದಲ್ಲ. ನನಗೆ ಹಾಲು ಕುಡಿಯಲಾಗಲಿಲ್ಲ.

ಭಾನುವಾರ ಅರಕಲಗೂಡು ರಸ್ತೆಯ ಕಡೆಗೆ ಹೊರಟೆ. ಕಾರ್ಖಾನೆ ಮುಚ್ಚಿ ಹೋಗಿದೆ, ನಿಂಗಯ್ಯ ತೀರಿಕೊಂಡಿದ್ದಾನೆ. ಹದಿನಾಲ್ಕು ವರ್ಷ ಆ ಕಿಂಡಿಯ ಮುಂದೆ ನಿಂತಿದ್ದ ಮಂಜುಳ ಈಗ ಮಲ್ಲಿಪಟ್ಟಣದಲ್ಲಿ ಗಂಡನ ಮನೆಯಲ್ಲಿದ್ದಾಳೆ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ಹೋದಾಗ ಹನ್ನೊಂದು ಗಂಟೆ ಇರಬಹುದು. ಜಗುಲಿಯ ಮೇಲೆ ಕೂತು, ಮೊರವನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಎದುರಿಗೆ ನಿಂತೆ.

"ಯಾರು? ಬೆಳಕಿಗೆ ಅಡ್ಡ ನಿಂತಿದೀರಾ. ವಸಿ ಇತ್ತಾಗೆ ಬನ್ನಿ."

ಪಕ್ಕಕ್ಕೆ ಸರಿದೆ. ಆದರೂ ಗುರುತು ಸಿಗಲಿಲ್ಲ. ಹೆಸರು ಹೇಳಿದ ಮೇಲೆ ಎದ್ದು ನಿಂತಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನೂ ಈಗ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದೆ. ಇದು ಪೊರೆ, ಹಾಸನದಲ್ಲಿ ತೆಗೆಯುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ, ಆ ಕಿಂಡಿಯ ಬೆಳಕು ಕಣ್ಣಿಗೆ ಕೆಟ್ಟದ್ದು ಎಂದು ನಾನು ಆವತ್ತೇ ಹೇಳಬೇಕಿತ್ತು.

"ಗೊತ್ತಿತ್ತು ಸಾ" ಅಂದಳು ಮಂಜುಳ. "ನೀವೇ ಬೋರ್ಡ್ ಮ್ಯಾಲೆ ಬರ್ದಿದ್ರಲ್ಲ, ಕಾಣೋದ್ಕಿಂತ ಕಾಣದೇ ಇರೋದೇ ಜಾಸ್ತಿ ಅಂತ. ಮನೇಲಿ ಬ್ಯಾರೆ ಗತಿ ಇರ್ಲಿಲ್ಲ. ನೀವು ಬ್ಯಾಡ ಅಂದಿದ್ರೆ ಬಿಟ್ಬುಡನ ಅಂತ ಆವತ್ತು ನಿಮ್ ರೂಮಲ್ಲಿ ವಸಿ ಹೊತ್ತು ನಿಂತಿದ್ದೆ."

ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಸವರಿಕೊಂಡು, ನನಗೆ ನೀರು ತರಲು ಒಳಗೆ ಹೋದಳು.