ಮುಗಿಲಬೋಗುಣಿಗೆ ನಾನು ಹಾಕಿದ ತೂತು

ಮಾಲು ಮುಟ್ಟಿ ನೋಡಿ, ಅದು ಯಾತಕ್ಕೆ ಎಂದು ಕೇಳಿಕೊಂಡು, ಆಮೇಲೆ ಬಾಯಿ ಬಿಡಬೇಕು. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೂಲಿಯಿಂದ ಶುರುಮಾಡಿ ಸ್ವಂತ ವ್ಯಾಪಾರಕ್ಕೆ ಬಂದ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಹೆಂಡತಿಯ ಗಿಡದ ವಿಷಯದಲ್ಲಿ ಮಾತ್ರ ನಾನೇ ಮರೆತೆ.

ಅವಳು ಬಬಲೇಶ್ವರದ ಶಾಲೆಯೊಂದರಲ್ಲಿ ಟೀಚರು. ವಿಜಯಪುರದ ನಮ್ಮ ಮನೆಯಿಂದ ದಿನಾ ಬಸ್ಸು. ಮಳೆಕಾಡಿನ ಪಾಠ ಬಂದಾಗ, ಮಕ್ಕಳು ಕಾಡನ್ನೇ ಕಂಡಿಲ್ಲವಲ್ಲ ಎಂದು, ಎಲ್ಲೂ ಇಲ್ಲದ ಗಿಡವೊಂದನ್ನು ತಾನೇ ಹುಟ್ಟಿಸಿದಳು. ಹೆಸರು ಮುಗಿಲಬೋಗುಣಿ. ಎತ್ತರ ಗೋಳಗುಮ್ಮಟದಷ್ಟು, ಒಂದೊಂದು ಎಲೆಯೂ ಚಕ್ಕಡಿಯಷ್ಟು ಅಗಲ, ಬೋಗುಣಿಯಂತೆ ತಗ್ಗು. ಎಲೆಯಲ್ಲಿ ಮಳೆನೀರು ನಿಲ್ಲುತ್ತದೆ, ಕಪ್ಪೆ ಅಲ್ಲೇ ಮೊಟ್ಟೆಯಿಡುತ್ತದೆ. ಮರಿಗಳನ್ನು ತಿನ್ನಲು ಹಕ್ಕಿ ಬರುತ್ತದೆ, ಅದರ ಹಿಕ್ಕೆಯೊಡನೆ ಬೇರೆ ಮರಗಳ ಬೀಜ ಬೀಳುತ್ತದೆ. ಮಳೆ ನಿಂತಮೇಲೆ ಎಲೆ ಹಣ್ಣಾಗಿ ಹರಿದು, ಕೂಡಿಟ್ಟ ನೀರೆಲ್ಲ ಕೆಳಗಿನ ಸಸಿಗಳ ಮೇಲೆ ಸುರಿಯುತ್ತದೆ.

"ಇಷ್ಟೆಲ್ಲಾ ಮಾಡಿ ಗಿಡಕ್ಕೇನ್ ಲಾಭ?" ಎಂದೆ.

"ಅದರ ಬೇರಿಗೆ ಗೊಬ್ಬರ ಯಾರ್ ಹಾಕ್ತಾರ್ರೀ? ಆ ಹಕ್ಕಿಗೋಳ ಹಾಕ್ತಾವ. ಅದು ನಿಮ್ಮಂಗ ದಿನಾ ಸಂಜಿಕ್ ಲಾಭ ಕೇಳಂಗಿಲ್ಲ, ಅಷ್ಟ."

ಆಳೆತ್ತರದ ಮಾದರಿಗೆ ಬಿದಿರು, ಮಳೆಗೆ ಹೊದಿಸುವ ಹಳೆಯ ತಾಡಪತ್ರಿ ನಾನೇ ಚೌಕಾಶಿ ಮಾಡಿ ತಂದುಕೊಟ್ಟೆ. ಹದಿನೈದು ದಿನ, ಶಾಲೆ ಮುಗಿಸಿ ಬಂದು, ಮಾಳಿಗೆಯ ಮೇಲೆ ಕೂತು ಕಟ್ಟಿದಳು. ಬೆರಳಿಗೆಲ್ಲ ಬಿದಿರಿನ ಸಿಬರು. ಮಕ್ಕಳೆದುರು ಎಲೆಗೆ ನೀರು ತುಂಬಿ, ಹೊಂಡದಿಂದ ತಂದ ಕಪ್ಪೆಮರಿ ಬಿಟ್ಟು ತೋರಿಸಬೇಕೆಂಬುದು ಅವಳಾಸೆ. ಜೀವಂತವಾದದ್ದು ಒಂದನ್ನು ಕಂಡರೆ ಉಳಿದ ಕಾಡನ್ನೂ ನಂಬುತ್ತಾರೆ ಎಂದಿದ್ದಳು. ನನಗೇ ಹೇಳಿದ್ದಳು. ನಾನಾಗ ಫೋನಿನಲ್ಲಿ ದರ ಮಾತಾಡುತ್ತಿದ್ದೆ.

ಪಾಠದ ಹಿಂದಿನ ದಿನ ಸಂಜೆ ಮಾಳಿಗೆಗೆ ಹೋದರೆ, ತುಂತುರು ಮಳೆಗೆ ಎಲೆಗಳಲ್ಲಿ ನೀರು ನಿಂತಿತ್ತು. ದ್ರಾಕ್ಷಿಯ ನಡುವೆ ಬೆಳೆದವನ ಕಣ್ಣಿಗೆ ಎಲೆಯ ಮೇಲೆ ನಿಂತ ನೀರೆಂದರೆ ರೋಗ, ಅಷ್ಟೇ. ಮೂಟೆ ಹೊಲಿಯುವ ದಬ್ಬಣ ತಂದು ಎಲೆಗೆ ನಾಲ್ಕರಂತೆ ತೂತು ಹಾಕಿದೆ. ನೀರು ಇಳಿಯಿತು. ಅವಳಿಗೆ ಹೇಳುವಷ್ಟು ದೊಡ್ಡ ಕೆಲಸವೆನ್ನಿಸಲಿಲ್ಲ.

ಮರುದಿನ ಟಂಟಂ ಆಟೋದಲ್ಲಿ ಗಿಡ ಹೇರಿಕೊಂಡು ಇಬ್ಬರೂ ಬಬಲೇಶ್ವರಕ್ಕೆ ಹೋದೆವು. ಅದನ್ನು ವರ್ಗದೊಳಗೆ ನಿಲ್ಲಿಸಿ, ನಾನು ಬಾಗಿಲಲ್ಲೇ ನಿಂತೆ. ಅವಳು ಎಲೆಯ ಮೇಲೆ ಕಪ್ಪೆಮರಿಗಳಿದ್ದ ನೀರಿನ ಡಬ್ಬಿ ಬಗ್ಗಿಸಿದಳು.

"ಟೀಚರ್, ಗಿಡಾ ಉಚ್ಚಿ ಹೊಯ್ಯಾಕತ್ತೈತ್ರೀ!"

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಖಾಲಿ ಎಲೆಯಲ್ಲಿ ಕಪ್ಪೆಮರಿಗಳು ಬಾಲ ಬಡಿಯುತ್ತಿದ್ದವು. ಅವಳು ಒಂದೊಂದನ್ನೇ ಅಂಗೈಯಲ್ಲಿ ಎತ್ತಿ, ಊಟದ ತಟ್ಟೆಯ ನೀರಿಗೆ ಬಿಟ್ಟಳು. ಎರಡು ಮತ್ತೆ ಅಲುಗಲಿಲ್ಲ.

"ತೂತ್ ಯಾರ್ ಮಾಡ್ಯಾರ್ರೀ ಟೀಚರ್?" ಮುಂದಿನ ಸಾಲಿನ ಹುಡುಗಿ ಕೇಳಿದಳು.

ನನ್ನವಳು ಎಲೆಯ ಮೇಲೆ ಬೆರಳಾಡಿಸಿದಳು. ದಬ್ಬಣದ ತೂತನ್ನು ನನ್ನ ಹೆಂಡತಿ ಗುರುತಿಸದಿರುತ್ತಾಳೆಯೇ? ನನ್ನ ಕಡೆ ನೋಡಿ, "ಯಾರೋ ಭಾಳ ಶ್ಯಾಣ್ಯಾರವಾ," ಎಂದಳು.

ವಾಪಸ್ಸು ಬರುವಾಗ ಡಬ್ಬಿ ಅವಳ ತೊಡೆಯ ಮೇಲಿತ್ತು. "ಒಂದ್ ಮಾತ್ ಕೇಳಬಾರದಿತ್ತೇನ್ರೀ?"

"ತೂತ್ ಮುಚ್ಚಿ ಕೊಡ್ತೇನಿ."

"ಮುಚ್ರಿ. ಪಾಠ ಮುಗೀತಲ್ಲ."

ಮುಚ್ಚಿದೆ. ಈಗ ಹನಿಯೂ ಸೋರುವುದಿಲ್ಲ. ಆ ಮಕ್ಕಳು ಮಾತ್ರ ವರ್ಷ ಮುಗಿಸಿ ಬೇರೆ ಶಾಲೆಗೆ ಹೋದರು, ಉಚ್ಚೆ ಹೊಯ್ಯುವ ಗಿಡವನ್ನು ತಲೆಯಲ್ಲಿಟ್ಟುಕೊಂಡು.

ಈ ವರ್ಷ ಅವಳು ಹೊಸ ಗಿಡ ಕಟ್ಟುತ್ತಿದ್ದಾಳೆ. ಬಿದಿರು, ತಾಡಪತ್ರಿ ತಾನೇ ಕೊಂಡಳು, ನಾನು ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಟ್ಟು. ಎತ್ತಿ ಇಡಲು ಮಾತ್ರ ನನ್ನನ್ನು ಕರೆಯುತ್ತಾಳೆ. ನಿನ್ನೆ ಮೂಲೆಗೆ ಸರಿಸುವಾಗ ತಡೆಯಲಾರದೆ ಕೇಳಿದೆ: "ಇದರ ಎಲಿ ಏನ್ ಮಾಡ್ತೈತಿ?"

"ನಿಮಗ್ಯಾಕ್ರೀ? ಆ ಕಡೆ ಹಿಡೀರಿ," ಎಂದಳು.

ಹಿಡಿದೆ.