ಏಡನ್ನಿನ ದರ್ಜಿಯ ಹೆಸರು

ಪುಂಡರೀಕಾಕ್ಷ ರಾಯರು ಹಗಲೆಲ್ಲ ಮಾಜಿವಾಡಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು, ಉಳಿದ ಹೊತ್ತಿನಲ್ಲಿ ಸಂಪಾದಕರು. ಊರು ಬಿಟ್ಟು ಬಂದ ಕರಾವಳಿಯವರಿಗಾಗಿ ಡೊಂಬಿವಲಿಯ ತಮ್ಮ ಎರಡು ಕೋಣೆಯ ಮನೆಯಿಂದಲೇ ಹನ್ನೆರಡು ವರ್ಷ ಒಂದು ಕನ್ನಡ ಪಾಕ್ಷಿಕ ನಡೆಸಿದವರು. ಮದುವೆ, ಸಾವು, ಯಕ್ಷಗಾನ, ಮಕ್ಕಳ ಹತ್ತನೆಯ ತರಗತಿಯ ಅಂಕ, ಅದರಲ್ಲಿ ಬರುತ್ತಿದ್ದುದು ಇಷ್ಟೇ. ದೊಡ್ಡ ಸುದ್ದಿಯೊಂದು ತಮ್ಮ ಕೈಯಿಂದ ಹೊರಡಬೇಕೆಂಬ ಆಸೆ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

೨೦೧೫ರಲ್ಲಿ ಅದು ಫೋನಿನಲ್ಲಿ ಬಂತು. ಯೆಮೆನ್‌ನಲ್ಲಿ ಒಂದೇ ಧರ್ಮದ ಎರಡು ಪಂಗಡಗಳು ಬೀದಿಬೀದಿಯಲ್ಲಿ ಬಡಿದಾಡುತ್ತಿದ್ದವು. ಏಡನ್ ನಗರದ ಆಸ್ಪತ್ರೆಯೊಂದರಲ್ಲಿ ಅಡುಗೆಗಿದ್ದ, ಡೊಂಬಿವಲಿ ಪಕ್ಕದ ಕಲ್ಯಾಣದ ಶಂಭು, ಹಡಗು ಸಿಗುವವರೆಗೆ ಒಂಬತ್ತು ದಿನ ಅಲ್ಲಿನ ದರ್ಜಿಯೊಬ್ಬನ ಮನೆಯಲ್ಲಿ ಅಡಗಿದ್ದ. ಸಮುದ್ರದಾಚೆಯ ಜಿಬೂತಿ ದೇಶ ತಲುಪಿದ ಮೇಲೆ ರಾಯರಿಗೆ ಎಲ್ಲ ಹೇಳಿದ.

"ಅವ ಆಚೆ ಪಂಗಡದವ ರಾಯರೆ. ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಮುಚ್ಚಿಟ್ಟು ಬದುಕ್ತಿದ್ದಾನೆ. ಹೆಸರು ಮಾತ್ರ ಹಾಕ್ಬೇಡಿ, ಆಯ್ತಾ?"

"ಹಾಕೂದಿಲ್ಲ ಮಾರಾಯ," ಎಂದರು ರಾಯರು.

ಬರೆಯಲು ಕೂತಾಗ ಹೆಸರಿಲ್ಲದ ದರ್ಜಿ ಕಟ್ಟುಕಥೆಯವನಂತೆ ಕಂಡ. ಕನ್ನಡ ಪತ್ರಿಕೆಯನ್ನು ಏಡನ್ನಿನಲ್ಲಿ ಓದುವವರಾರು ಎಂದುಕೊಂಡು ಹೆಸರು, ಬೀದಿ, ಪಂಗಡ ಮೂರನ್ನೂ ಬರೆದರು. ಶಂಭು ಕಳಿಸಿದ್ದ ದರ್ಜಿಯ ಫೋಟೋವನ್ನೂ ಹಾಕಿದರು. ಅಪ್ಪ ಓದಿ ಹೇಳಿದ್ದನ್ನು ಮಗಳು ಅನಘ ಇಂಗ್ಲಿಷಿನಲ್ಲಿ ಬರೆದು ಫೇಸ್‌ಬುಕ್ಕಿಗೆ ಏರಿಸಿದಳು. ಹೊರದೇಶದಲ್ಲಿ ನೆಲೆಸಿದ್ದ ಯೆಮೆನಿಗಳ ಸುದ್ದಿಪುಟವೊಂದು ಅದನ್ನು ಅರಬ್ಬಿಗೆ ತಿರುಗಿಸಿತು.

"ಪಪ್ಪಾ, ಬಘಾ ನಾ, ಚಾರ್ ಹಜಾರ್ ಶೇರ್!" ನಾಲ್ಕು ಸಾವಿರ ಜನ ಹಂಚಿಕೊಂಡದ್ದನ್ನು ನೋಡೆಂದು ಅನಘ ಮರಾಠಿಯಲ್ಲೇ ಕೂಗಿದಳು.

ರಾಯರು ಆ ದಿನ ಹೋಟೆಲಿನವರಿಗೆಲ್ಲ ಫೋನು ತೋರಿಸಿದರು.

ಜೂನಿನ ಒಂದು ಭಾನುವಾರ ಡೊಂಬಿವಲಿಯ ಕನ್ನಡಿಗರು ಅವರನ್ನು ಸನ್ಮಾನಿಸಲು ಸಭಾಗೃಹದಲ್ಲಿ ಸೇರಿದ್ದರು. ಕಲ್ಯಾಣಕ್ಕೆ ಮರಳಿದ್ದ ಶಂಭು ರಾಯರನ್ನು ಮೆಟ್ಟಿಲ ಬಳಿ ತಡೆದ. ಅವನ ದನಿ ಏರಲೇ ಇಲ್ಲ.

"ಆಸ್ಪತ್ರೆಯ ನರ್ಸಮ್ಮ ಫೋನ್ ಮಾಡಿದ್ರು. ಬಂದೂಕಿನವರು ಫೋಟೋ ಹಿಡ್ಕೊಂಡೇ ಬಂದ್ರಂತೆ. ಅಂಗಡಿ ಸುಟ್ರು, ಅವನನ್ನು ಎತ್ಕೊಂಡು ಹೋದ್ರು. ಹೆಂಡತಿ ಮಕ್ಕಳು ಎಲ್ಲಿ ಅಂತ ಗೊತ್ತಿಲ್ಲ. ನಾನು ಹೇಳಿದ್ದೆ ಅಲ್ವಾ ರಾಯರೆ?"

ಅಷ್ಟರಲ್ಲಿ ಒಳಗೆ ಮೈಕಿನಲ್ಲಿ ಅವರ ಹೆಸರು ಕರೆದರು. ಹೋಗಬಾರದಿತ್ತು. ಹೋದರು. ಶಾಲು ಹೊದಿಸುವಾಗ ತಲೆ ತಗ್ಗಿಸಿದರೆ, ಸಭೆ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿತು. ಶಂಭು ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದ.

ಮನೆಗೆ ಬಂದವರೇ ಅನಘಳಿಗೆ ಹೇಳಿ ಫೇಸ್‌ಬುಕ್ಕಿನ ಬರಹವನ್ನು ತೆಗೆಸಿದರು. ಅವರಿವರ ಪುಟಗಳಲ್ಲಿ ಅದು ಉಳಿದೇ ಇತ್ತು. ತಪ್ಪೊಪ್ಪಿಗೆ ಬರೆಯಲು ಕೂತರು. ಅಚ್ಚು ಹಾಕಿದರೆ ಜನ ಮತ್ತೆ ಆ ಹೆಸರನ್ನೇ ಹುಡುಕುತ್ತಾರೆ ಎಂದು ಹಾಳೆ ಹರಿದರು. ಆ ದರ್ಜಿಯ ಮನೆಯವರ ಮೇಲಿನ ಕಾಳಜಿಯೋ, ತಮ್ಮ ಮರ್ಯಾದೆಯ ಭಯವೋ, ಯಾವುದು ಹಾಗೆ ಮಾಡಿಸಿತೆಂದು ಅವರಿಗೇ ತಿಳಿಯಲಿಲ್ಲ. ಎರಡು ಸಂಚಿಕೆಯ ಬಳಿಕ ಪತ್ರಿಕೆ ನಿಲ್ಲಿಸಿದರು. ಕೇಳಿದವರಿಗೆ ಕಣ್ಣು ಸರಿಯಿಲ್ಲ ಎಂದರು.

ಕಲ್ಯಾಣಕ್ಕೆ, ಶಂಭುವಿನ ಮನೆಗೆ ಹೋದದ್ದು ವರ್ಷ ಕಳೆದ ಮೇಲೆ. ಅವನ ಹೆಂಡತಿ ರತ್ನಾವತಿ ಬಾಗಿಲು ತೆರೆದಳು.

"ಕೂತ್ಕೊಳ್ಳಿ ರಾಯರೆ, ಚಾ ಮಾಡ್ತೇನೆ."

ಶಂಭು ಒಳಕೋಣೆಯಿಂದ ಹೊರಗೆ ಬರಲಿಲ್ಲ.

"ಆ ದರ್ಜಿಯದ್ದು ಏನಾದ್ರೂ ಸುದ್ದಿ ಉಂಟಾ?" ರಾಯರು ತಗ್ಗಿದ ದನಿಯಲ್ಲಿ ಕೇಳಿದರು.

"ಇಲ್ಲ. ಇವರು ಈಗ್ಲೂ ಫೋನ್ ಮಾಡ್ತಾರೆ. ನಂಬರ್ ಬಂದ್."

ಕ್ಷಮೆ ಕೇಳಲೆಂದೇ ಬಂದವರು ಚಾ ಕುಡಿದರು, ಮಳೆಯ ಬಗ್ಗೆ, ಲೋಕಲ್ ರೈಲು ತಡವಾದ ಬಗ್ಗೆ ಎರಡು ಮಾತಾಡಿದರು. ಒಳಕೋಣೆಯ ಮುಚ್ಚಿದ ಬಾಗಿಲಿನತ್ತ ಒಮ್ಮೆ ನೋಡಿ, ಎದ್ದು ಸ್ಟೇಷನ್ನಿನ ಕಡೆ ನಡೆದರು.